ಕಾರಿನ ಎ.ಸಿ. ದೋಷಗಳು: ಮನೆಯಲ್ಲಿ ಪರಿಶೀಲನೆ, ದುರಸ್ತಿಯ ಮಿತಿ ಹಾಗೂ ಗ್ರಾಹಕರ ಹಕ್ಕುಗಳು

ದಾವಣಗೆರೆ ನಗರ, ಶಾಮನೂರು ಹಾಗೂ ಹರಿಹರ ಭಾಗದ ಕಾರು ಮಾಲೀಕರ ಮಾಹಿತಿಗಾಗಿ

ಬೇಸಿಗೆಯ ಆರಂಭದಲ್ಲಿ ಕಾರಿನ ಎ.ಸಿ. ತಂಪು ನೀಡುತ್ತಿಲ್ಲವೆಂದು ಗ್ಯಾರೇಜಿಗೆ ಹೋದ ಗ್ರಾಹಕರಿಗೆ ಸಾಮಾನ್ಯವಾಗಿ ದೊರೆಯುವ ಉತ್ತರ, ಗ್ಯಾಸ್ ಖಾಲಿಯಾಗಿದೆ, ತುಂಬಿಸಬೇಕು ಎಂಬುದಾಗಿರುತ್ತದೆ. ಹಣ ಪಾವತಿಸಿ ಗ್ಯಾಸ್ ತುಂಬಿಸಿದ ನಂತರ ಕೆಲವು ವಾರ ತಂಪಾಗಿ, ಪುನಃ ಅದೇ ಸ್ಥಿತಿ ಉಂಟಾಗುವುದೂ ಉಂಟು. ಎ.ಸಿ. ಗ್ಯಾಸ್ ಇಂಧನವಲ್ಲ ಎಂಬುದನ್ನು ಗ್ರಾಹಕರು ಮೊದಲು ಗಮನಿಸತಕ್ಕದ್ದು. ಅದು ಪೆಟ್ರೋಲಿನಂತೆ ಉರಿದು ಖರ್ಚಾಗುವುದಿಲ್ಲ. ಮುಚ್ಚಿದ ಕೊಳವೆಗಳೊಳಗೆ ಸುತ್ತುತ್ತಲೇ ಇರುತ್ತದೆ. ರಬ್ಬರ್ ಕೊಳವೆ ಹಾಗೂ ಸೀಲುಗಳ ಮೂಲಕ ಹಲವು ವರ್ಷಗಳಲ್ಲಿ ಅಲ್ಪ ಪ್ರಮಾಣ ಹೊರಹೋಗುವುದು ಸಹಜ. ಆದರೆ ಪ್ರತಿ ವರ್ಷ ಗ್ಯಾಸ್ ತುಂಬಿಸಬೇಕಾದ ಕಾರಿನಲ್ಲಿ ಸೋರಿಕೆ ಇದೆ ಎಂದೇ ತಿಳಿಯತಕ್ಕದ್ದು. ಸೋರಿಕೆ ಮುಚ್ಚದೆ ಗ್ಯಾಸ್ ತುಂಬಿಸುವುದು ದುರಸ್ತಿ ಎನಿಸಿಕೊಳ್ಳುವುದಿಲ್ಲ. ಇದಲ್ಲದೆ, ತಂಪು ಕಡಿಮೆಯಾಗುವ ಅನೇಕ ಪ್ರಕರಣಗಳಲ್ಲಿ ಗ್ಯಾಸಿನ ಕೊರತೆಯೇ ಇರುವುದಿಲ್ಲ. ಅಂತಹ ದೋಷಗಳನ್ನು ಮಾಲೀಕರು ಮನೆಯಲ್ಲಿಯೇ ಗುರುತಿಸಬಹುದಾಗಿದೆ.

ವ್ಯವಸ್ಥೆಯ ಕಾರ್ಯವಿಧಾನ

ಎಂಜಿನ್ನಿನ ಬೆಲ್ಟಿನಿಂದ ತಿರುಗುವ ಕಂಪ್ರೆಸರ್ ಗ್ಯಾಸನ್ನು ಒತ್ತಿ ಬಿಸಿ ಮಾಡುತ್ತದೆ. ರೇಡಿಯೇಟರಿನ ಮುಂದಿರುವ ಕಂಡೆನ್ಸರಿನಲ್ಲಿ ಆ ಬಿಸಿ ಹೊರಗಾಳಿಗೆ ಬಿಟ್ಟುಹೋಗಿ ಗ್ಯಾಸ್ ದ್ರವವಾಗುತ್ತದೆ. ದ್ರವವು ಎಕ್ಸ್‌ಪಾನ್ಷನ್ ವಾಲ್ವಿನ ಸಣ್ಣ ರಂಧ್ರ ದಾಟಿ ಡ್ಯಾಶ್‌ಬೋರ್ಡಿನ ಒಳಗಿರುವ ಕೂಲಿಂಗ್ ಕಾಯಿಲಿನಲ್ಲಿ ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರುತ್ತದೆ. ಬ್ಲೋವರ್ ಫ್ಯಾನು ಆ ಕಾಯಿಲಿನ ಮೂಲಕ ಗಾಳಿಯನ್ನು ಒಳಕ್ಕೆ ದೂಡುತ್ತದೆ. ಅಂದರೆ ಎ.ಸಿ. ತಂಪನ್ನು ಉತ್ಪಾದಿಸುವುದಿಲ್ಲ, ಒಳಗಿನ ಶಾಖವನ್ನು ಹೊರಕ್ಕೆ ಸಾಗಿಸುತ್ತದೆ. ಗಾಳಿ ಸರಾಗವಾಗಿ ಹಾಯದಿದ್ದರೆ ಗ್ಯಾಸ್ ಪೂರ್ಣವಿದ್ದರೂ ಪ್ರಯೋಜನವಿಲ್ಲ.

ಪರಿಶೀಲನೆಗೆ ಮುನ್ನ

ಎಂಜಿನ್ ಚಾಲನೆಯಲ್ಲಿಟ್ಟು ಮಾಡುವ ಪರೀಕ್ಷೆಗಳನ್ನು ಬಯಲಿನಲ್ಲಿಯೇ ಮಾಡತಕ್ಕದ್ದು. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಹೊಗೆಯೊಡನೆ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಅದು ಪ್ರಾಣಾಪಾಯಕಾರಿ. ಇದೇ ಕಾರಣದಿಂದ ನಿಂತ ಕಾರಿನಲ್ಲಿ ಎ.ಸಿ. ಹಾಕಿಕೊಂಡು ನಿದ್ರಿಸುವುದಾಗಲೀ, ಪರೀಕ್ಷೆಯ ವೇಳೆ ಮಕ್ಕಳನ್ನು ಒಳಗೆ ಕೂರಿಸುವುದಾಗಲೀ ಕೂಡದು. ಬಾನೆಟ್ ತೆರೆದಾಗ ಸೀರೆಯ ಸೆರಗು, ಪಂಚೆ, ಟವೆಲ್ಲು ಬೆಲ್ಟಿಗೆ ಸಿಲುಕದಂತೆ ಎಚ್ಚರ ವಹಿಸಬೇಕು. ರೇಡಿಯೇಟರಿನ ಫ್ಯಾನು ಎಂಜಿನ್ ನಿಲ್ಲಿಸಿದ ಮೇಲೂ ತಾನಾಗಿ ತಿರುಗಬಹುದು. ವಿದ್ಯುತ್ ಹಾಗೂ ಹೈಬ್ರಿಡ್ ಕಾರುಗಳಲ್ಲಿ ಕಂಪ್ರೆಸರ್ ಅಧಿಕ ವೋಲ್ಟೇಜಿನಲ್ಲಿ ನಡೆಯಬಹುದಾದ್ದರಿಂದ ಕಿತ್ತಳೆ ಬಣ್ಣದ ಕೇಬಲ್ಲುಗಳನ್ನು ಮುಟ್ಟಲೇಬಾರದು. ವಾರಂಟಿ ಅವಧಿಯಲ್ಲಿರುವ ಕಾರಿನ ಭಾಗಗಳನ್ನು ಬಿಚ್ಚುವ ಮೊದಲು ವಾರಂಟಿ ಪುಸ್ತಕದ ಷರತ್ತುಗಳನ್ನು ಓದುವುದು ಸೂಕ್ತ.

ಲಕ್ಷಣಗಳಿಂದ ದೋಷ ತಿಳಿಯುವ ಬಗೆ

ಮೊದಲು ತಾಪಮಾನವನ್ನು ಅಳೆಯುವುದು ಉತ್ತಮ. ಬಿಸಿಲಿನಲ್ಲಿ ನಿಂತಿದ್ದ ಕಾರಿನ ಗಾಜುಗಳನ್ನು ಒಂದೆರಡು ನಿಮಿಷ ಇಳಿಸಿ ಒಳಗಿನ ಬಿಸಿಗಾಳಿಯನ್ನು ಬಿಡಬೇಕು. ಬಳಿಕ ಗಾಜು ಏರಿಸಿ, ಒಳಗಿನ ಗಾಳಿಯೇ ಸುತ್ತುವಂತೆ ಗುಂಡಿ ಒತ್ತಿ, ತಾಪಮಾನದ ತಿರುಪನ್ನು ಪೂರ್ಣ ತಂಪಿನ ಕಡೆಗೆ ತಿರುಗಿಸಿ, ಹತ್ತು ನಿಮಿಷದ ನಂತರ ನಡುವಿನ ಕಿಂಡಿಯಲ್ಲಿ ಸಾಧಾರಣ ಥರ್ಮಾಮೀಟರ್ ಇಡಬೇಕು. ಜ್ವರ ನೋಡುವ ಥರ್ಮಾಮೀಟರ್ ಇದಕ್ಕೆ ಆಗುವುದಿಲ್ಲ. ಸುಸ್ಥಿತಿಯಲ್ಲಿರುವ ಎ.ಸಿ.ಯ ಗಾಳಿ ದಾವಣಗೆರೆಯ ಒಣ ಬೇಸಿಗೆಯಲ್ಲಿ ಹೊರಗಿನ ತಾಪಮಾನಕ್ಕಿಂತ ಸಾಮಾನ್ಯವಾಗಿ 15ರಿಂದ 20 ಡಿಗ್ರಿ ಸೆಲ್ಸಿಯಸ್ ಕಡಿಮೆ ಇರುತ್ತದೆ. ಈ ಅಂಕಿಯನ್ನು ದಿನಾಂಕ, ವೇಳೆ ಹಾಗೂ ಹೊರಗಿನ ತಾಪಮಾನ ಸಹಿತ ಬರೆದಿಟ್ಟುಕೊಳ್ಳತಕ್ಕದ್ದು. ದುರಸ್ತಿಯ ನಂತರ ಪುನಃ ಅಳೆದಾಗ ಕೆಲಸ ಆಗಿದೆಯೇ ಇಲ್ಲವೇ ಎಂಬುದಕ್ಕೆ ಇದೇ ದಾಖಲೆಯಾಗುತ್ತದೆ.

ಗಾಳಿಯ ರಭಸವೇ ಕಡಿಮೆ ಇದ್ದಲ್ಲಿ ಮೊದಲ ಅನುಮಾನ ಕ್ಯಾಬಿನ್ ಫಿಲ್ಟರಿನ ಮೇಲೆ. ಅನೇಕ ಕಾರುಗಳಲ್ಲಿ ಇದು ಮುಂದಿನ ಪ್ರಯಾಣಿಕರ ಎದುರಿನ ಗ್ಲೋವ್ ಬಾಕ್ಸಿನ ಹಿಂದೆ ಇರುತ್ತದೆ. ಹಳೆಯ ಕೆಲವು ಮಾದರಿಗಳಲ್ಲಿ ಫಿಲ್ಟರ್ ಇರುವುದಿಲ್ಲ. ಭದ್ರಾ ಅಚ್ಚುಕಟ್ಟಿಗೆ ಸೇರಿದ ಈ ಪ್ರದೇಶದಲ್ಲಿ ಭತ್ತದ ಕೊಯ್ಲು ಮಳೆಗಾಲದ ಬೆಳೆಗೆ ನವೆಂಬರ್-ಡಿಸೆಂಬರ್ ವೇಳೆಗೂ, ನಾಲೆಗೆ ನೀರು ಬಿಟ್ಟ ವರ್ಷಗಳಲ್ಲಿ ಬೇಸಿಗೆ ಬೆಳೆಗೆ ಮೇ ಸುಮಾರಿಗೂ ನಡೆಯುತ್ತದೆ. ಕೊಯ್ಲಿನ ಧೂಳು, ಹೊಟ್ಟು ಹಾಗೂ ಮಂಡಕ್ಕಿ ಭಟ್ಟಿಗಳ ಬೂದಿ ಫಿಲ್ಟರನ್ನು ಬೇಗ ಕಟ್ಟಿಸುತ್ತವೆ. ಆದುದರಿಂದ ಕಂಪನಿಯ ಕೈಪಿಡಿಯಲ್ಲಿ ಸೂಚಿಸಿದ ಅವಧಿಯವರೆಗೆ ಕಾಯದೆ, ಪ್ರತಿ ಕೊಯ್ಲಿನ ನಂತರ ಒಮ್ಮೆ ಹೊರತೆಗೆದು ನೋಡುವುದು ಒಳಿತು. ಧೂಳು ಮಾತ್ರವಿದ್ದರೆ ಕೊಡವಬಹುದು, ಕಪ್ಪಾಗಿದ್ದರೆ ಬದಲಾಯಿಸಬೇಕು. ಕಾಗದದ ಫಿಲ್ಟರನ್ನು ನೀರಿನಲ್ಲಿ ತೊಳೆಯಬಾರದು. ಅಕ್ಕಿ ಗಿರಣಿ, ಗೋದಾಮುಗಳ ಸಮೀಪ ನಿಲ್ಲಿಸುವ ಕಾರುಗಳಲ್ಲಿ ಇಲಿಗಳು ಇಲ್ಲಿ ಗೂಡು ಕಟ್ಟುವ ಸಾಧ್ಯತೆ ಇರುವುದರಿಂದ ವೈರುಗಳನ್ನೂ ಅದೇ ಸಮಯದಲ್ಲಿ ನೋಡತಕ್ಕದ್ದು.

ಫಿಲ್ಟರ್ ಸ್ವಚ್ಛವಿದ್ದು, ಪ್ರಯಾಣದ ಆರಂಭದಲ್ಲಿ ಚೆನ್ನಾಗಿದ್ದ ಗಾಳಿ ಕ್ರಮೇಣ ಕ್ಷೀಣಿಸಿ, ಎ.ಸಿ. ಆರಿಸಿ ಹತ್ತು ನಿಮಿಷ ಬರೀ ಫ್ಯಾನು ಓಡಿಸಿದಾಗ ಪುನಃ ಸರಿಯಾದರೆ, ಕೂಲಿಂಗ್ ಕಾಯಿಲಿನ ಮೇಲೆ ಮಂಜುಗಡ್ಡೆ ಕಟ್ಟುತ್ತಿದೆ ಎಂದರ್ಥ. ತಾಪಮಾನ ಸೆನ್ಸರಿನ ದೋಷ ಅಥವಾ ಗ್ಯಾಸಿನ ಕೊರತೆ ಇದಕ್ಕೆ ಕಾರಣವಾಗಿರಬಹುದು. ಬ್ಲೋವರ್ ಕೊನೆಯ ವೇಗದಲ್ಲಿ ಮಾತ್ರ ತಿರುಗಿ ಉಳಿದ ವೇಗಗಳಲ್ಲಿ ನಿಂತಿದ್ದರೆ, ತಿರುಪು ಗುಂಡಿಯ ಕಾರುಗಳಲ್ಲಿ ಸಾಮಾನ್ಯವಾಗಿ ಬ್ಲೋವರ್ ರೆಸಿಸ್ಟರ್ ಸುಟ್ಟಿರುತ್ತದೆ. ಬ್ಲೋವರ್ ಸಂಪೂರ್ಣ ನಿಂತಿದ್ದಲ್ಲಿ ಫ್ಯೂಸನ್ನು ಪರಿಶೀಲಿಸಿ, ಅಷ್ಟೇ ಆಂಪಿಯರಿನ ಹೊಸ ಫ್ಯೂಸ್ ಹಾಕಬೇಕು. ಫ್ಯೂಸಿನ ಬದಲು ತಂತಿ ಸುತ್ತಿದರೆ ಕಾರಿಗೆ ಬೆಂಕಿ ತಗಲುವ ಅಪಾಯವಿದೆ. ಹೊಸ ಫ್ಯೂಸ್ ಕೂಡ ಸುಟ್ಟರೆ ದೋಷ ಬೇರೆಡೆ ಇರುವುದರಿಂದ ಎಲೆಕ್ಟ್ರಿಷಿಯನ್‌ಗೆ ತೋರಿಸತಕ್ಕದ್ದು.

ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಹರಿಹರದ ಕಡೆಗೆ ಓಡುವಾಗ ತಂಪಾಗಿದ್ದು, ನಗರದ ಸಿಗ್ನಲ್ಲಿನಲ್ಲಿ ನಿಂತೊಡನೆ ಗಾಳಿ ಬೆಚ್ಚಗಾಗುವುದು ಬಹಳ ಸ್ಪಷ್ಟವಾದ ಲಕ್ಷಣ. ಓಟದಲ್ಲಿ ಎದುರುಗಾಳಿ ಕಂಡೆನ್ಸರನ್ನು ತಣಿಸುತ್ತದೆ. ನಿಂತಾಗ ಆ ಕೆಲಸವನ್ನು ಫ್ಯಾನು ಮಾಡಬೇಕು. ಎ.ಸಿ. ಹಾಕಿ ನಿಂತಾಗಲೂ ಮುಂಭಾಗದ ಫ್ಯಾನು ತಿರುಗದಿದ್ದರೆ ಫ್ಯೂಸ್, ರಿಲೇ ಅಥವಾ ಮೋಟಾರಿನ ದೋಷವಿರುತ್ತದೆ. ಫ್ಯಾನು ತಿರುಗುತ್ತಿದ್ದರೆ ಕಂಡೆನ್ಸರಿನ ಎಲೆಗಳ ನಡುವೆ ಹೊಟ್ಟು, ಕೀಟ, ಕೆಸರು ತುಂಬಿದೆಯೇ ನೋಡಬೇಕು. ಎಂಜಿನ್ ಪೂರ್ಣ ತಣಿದ ಮೇಲೆ ತೋಟದ ಪೈಪಿನಿಂದ ಸಾಧಾರಣ ಒತ್ತಡದ ನೀರು ಹಾಯಿಸಿ, ಮೆದು ಬ್ರಷ್ಷಿನಿಂದ ಎಲೆಗಳ ದಿಕ್ಕಿನಲ್ಲಿಯೇ ಉಜ್ಜಿದರೆ ಸಾಕು. ವಾಟರ್ ಸರ್ವೀಸಿನ ಹೆಚ್ಚಿನ ಒತ್ತಡದ ನೀರನ್ನು ಹತ್ತಿರದಿಂದ ಬಿಟ್ಟರೆ ಎಲೆಗಳು ಮಡಚಿ ಗಾಳಿಯ ದಾರಿ ಇನ್ನಷ್ಟು ಮುಚ್ಚುತ್ತದೆ. ಗ್ಯಾಸ್ ತುಂಬಿಸುವ ಖರ್ಚಿಗೆ ಮುನ್ನ ಮಾಡಲೇಬೇಕಾದ ಕೆಲಸ ಇದು.

ಗಾಳಿ ಜೋರಾಗಿ ಬಂದರೂ ಸದಾ ಬಿಸಿಯಾಗಿದ್ದಲ್ಲಿ, ಮತ್ತೊಬ್ಬರು ಒಳಗಿನಿಂದ ಎ.ಸಿ. ಗುಂಡಿ ಒತ್ತುವಾಗ ಕಂಪ್ರೆಸರಿನ ಕಡೆಗೆ ಕಿವಿಗೊಡಬೇಕು. ಕ್ಲಚ್ ಇರುವ ಮಾದರಿಗಳಲ್ಲಿ ಟಕ್ ಎಂಬ ಶಬ್ದ ಬಂದು ಕಂಪ್ರೆಸರಿನ ಮುಂಬಿಲ್ಲೆ ತಿರುಗತೊಡಗುತ್ತದೆ. ತಿರುಗದಿದ್ದರೆ ಫ್ಯೂಸ್ ಮತ್ತು ರಿಲೇ ನೋಡಬಹುದು. ಅವು ಸರಿಯಿದ್ದಲ್ಲಿ ಗ್ಯಾಸ್ ಒತ್ತಡ ಕುಸಿದು ಸುರಕ್ಷತಾ ಸ್ವಿಚ್ ಕಂಪ್ರೆಸರನ್ನು ತಡೆದಿರಬಹುದು. ಕ್ಲಚ್ ಇಲ್ಲದ ಹೊಸ ಮಾದರಿಗಳಿಗೆ ಈ ಪರೀಕ್ಷೆ ಅನ್ವಯಿಸುವುದಿಲ್ಲ.

ಕಾರಿನ ಕೆಳಗೆ ಶುದ್ಧ ನೀರು ತೊಟ್ಟಿಕ್ಕುವುದು ದೋಷವಲ್ಲ. ಆ ನೀರು ಒಳಗಿನ ಕಾಲುಹಾಸನ್ನು ತೋಯಿಸಿದರೆ ಮಾತ್ರ ನೀರು ಹೊರಹೋಗುವ ಕೊಳವೆ ಕಟ್ಟಿದೆ ಎಂದು ತಿಳಿಯಬೇಕು.

ಮನೆಯಲ್ಲಿ ಕೈಗೊಳ್ಳಬಾರದ ಕೆಲಸ

ಗ್ಯಾಸ್ ಹರಿಯುವ ಕೊಳವೆ, ವಾಲ್ವ್, ಕಂಪ್ರೆಸರ್ ಯಾವುದನ್ನೂ ಮನೆಯಲ್ಲಿ ಸಡಿಲಿಸಬಾರದು. ಪ್ರಸ್ತುತ ಬಹುತೇಕ ಕಾರುಗಳಲ್ಲಿರುವ ಆರ್-134ಎ ಗ್ಯಾಸ್ ದ್ರವರೂಪದಲ್ಲಿ ಹೊರಚಿಮ್ಮಿದರೆ ಸೊನ್ನೆಗಿಂತ 26 ಡಿಗ್ರಿ ಕೆಳಗಿನ ತಂಪಿಗೆ ಇಳಿದು ಚರ್ಮವನ್ನು ಸುಡಬಲ್ಲದು, ಕಣ್ಣಿಗೆ ಬಿದ್ದರೆ ದೃಷ್ಟಿಗೆ ಹಾನಿಯಾಗಬಹುದು. ಅಗ್ಗವೆಂದು ಅಡುಗೆ ಅನಿಲವನ್ನು ಎ.ಸಿ.ಗೆ ತುಂಬಿಸುವುದು ಅತ್ಯಂತ ಅಪಾಯಕಾರಿ. ಸೋರಿಕೆಯಾದರೆ ಮುಚ್ಚಿದ ಕಾರಿನೊಳಗೇ ಬೆಂಕಿ ಹೊತ್ತಿಕೊಳ್ಳಬಹುದು. ಗ್ಯಾಸನ್ನು ಗಾಳಿಗೆ ಬಿಡುವುದೂ ಸಲ್ಲದು. ಓಝೋನ್ ಪದರಕ್ಕೆ ಹಾನಿಕರವಾದ ಆರ್-12 ಗ್ಯಾಸನ್ನು 1987ರ ಮಾಂಟ್ರಿಯಲ್ ಒಪ್ಪಂದದ ಅನ್ವಯ ಕೈಬಿಡಲಾಯಿತು. ಅದರ ಸ್ಥಾನಕ್ಕೆ ಬಂದ ಆರ್-134ಎ ಓಝೋನಿಗೆ ಹಾನಿ ಮಾಡದಿದ್ದರೂ ಭೂಮಿಯ ತಾಪ ಹೆಚ್ಚಿಸುವಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಪ್ರಬಲ. ಇಂತಹ ಗ್ಯಾಸುಗಳನ್ನು ಹಂತಹಂತವಾಗಿ ಇಳಿಸುವ ಕಿಗಾಲಿ ತಿದ್ದುಪಡಿಯನ್ನು ಭಾರತ 2021ರಲ್ಲಿ ಅನುಮೋದಿಸಿದೆ.

ಬಿಚ್ಚದೆಯೇ ಸೋರಿಕೆಯ ಗುರುತು ಹಿಡಿಯಲು ಸಾಧ್ಯ. ಗ್ಯಾಸಿನೊಡನೆ ಕಂಪ್ರೆಸರಿನ ಎಣ್ಣೆಯೂ ಸುತ್ತುವುದರಿಂದ, ಕೊಳವೆಯ ಕೀಲುಗಳಲ್ಲಿ ಜಿಡ್ಡು ಮತ್ತು ಧೂಳು ಮೆತ್ತಿಕೊಂಡಿದ್ದರೆ ಅಲ್ಲಿ ಸೋರುತ್ತಿರುವ ಸಂಭವವಿದೆ. ಆ ಜಾಗದ ಛಾಯಾಚಿತ್ರ ತೆಗೆದಿಟ್ಟುಕೊಂಡು ಮೆಕ್ಯಾನಿಕ್‌ಗೆ ತೋರಿಸಬೇಕು.

ಗ್ಯಾರೇಜಿನಲ್ಲಿ ಕೇಳಿ ಪಡೆಯಬೇಕಾದದ್ದು

ಬಾನೆಟ್ಟಿನ ಒಳಭಾಗದ ಚೀಟಿಯಲ್ಲಿ ಗ್ಯಾಸಿನ ವಿಧ ಹಾಗೂ ತೂಕವನ್ನು ಗ್ರಾಂಗಳಲ್ಲಿ ಮುದ್ರಿಸಿರುತ್ತಾರೆ; ಅನೇಕ ಸಣ್ಣ ಕಾರುಗಳಲ್ಲಿ ಇದು ಅರ್ಧ ಕಿಲೋಗ್ರಾಂಗಿಂತ ಕಡಿಮೆ. ಗ್ಯಾಸನ್ನು ತೂಕ ಮಾಡಿ ತುಂಬಿಸುವುದೇ ಸರಿಯಾದ ಕ್ರಮ. ಹೆಚ್ಚಾದರೂ ತಂಪು ಕಡಿಮೆಯಾಗುತ್ತದೆ, ಕಂಪ್ರೆಸರಿಗೂ ಹಾನಿ. ಸೋರಿಕೆ ಪರೀಕ್ಷೆ, ದುರಸ್ತಿ, ತೇವಾಂಶ ಹೋಗಲಾಡಿಸಲು ವ್ಯಾಕ್ಯೂಮ್, ಬಳಿಕ ತೂಕದ ಗ್ಯಾಸ್ ಎಂಬ ಅನುಕ್ರಮ ತಪ್ಪಬಾರದು. ಬಿಲ್ಲಿನಲ್ಲಿ ಎ.ಸಿ. ಸರ್ವೀಸ್ ಎಂದು ಒಂದೇ ಸಾಲು ಬರೆಸಿಕೊಳ್ಳದೆ, ಸೋರಿಕೆ ಕಂಡ ಸ್ಥಳ, ಬದಲಾಯಿಸಿದ ಭಾಗ, ಗ್ಯಾಸಿನ ವಿಧ, ಗ್ರಾಂ ಮತ್ತು ಕೆಲಸದ ಖಾತರಿಯ ಅವಧಿಯನ್ನು ಬೇರೆಬೇರೆಯಾಗಿ ನಮೂದಿಸಲು ಕೋರತಕ್ಕದ್ದು. ಬಿಲ್ಲು ಬೇಡವೆಂದರೆ ಕಡಿಮೆ ಮಾಡಿಕೊಡುವೆವೆಂಬ ಮಾತಿಗೆ ಒಪ್ಪಿದ ಗ್ರಾಹಕರು ಮುಂದೆ ದೂರು ನೀಡುವಾಗ ಬರಿಗೈಯಲ್ಲಿ ನಿಲ್ಲಬೇಕಾಗುತ್ತದೆ. ಸೇವೆಗೆ ಬಿಲ್ಲು ನೀಡದಿರುವುದು ಗ್ರಾಹಕರ ಸಂರಕ್ಷಣಾ ಅಧಿನಿಯಮ, 2019ರಂತೆ ಅನುಚಿತ ವ್ಯಾಪಾರ ಪದ್ಧತಿಯೂ ಹೌದು.

ದೂರು ಸಲ್ಲಿಸುವ ವಿಧಾನ

ದುರಸ್ತಿ ವಿಫಲವಾದಲ್ಲಿ ಮೊದಲು ಗ್ಯಾರೇಜಿಗೆ ಲಿಖಿತವಾಗಿ ತಿಳಿಸಿ ಪ್ರತಿಯನ್ನು ಇಟ್ಟುಕೊಳ್ಳಬೇಕು. ಪರಿಹಾರ ದೊರೆಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು ಅಥವಾ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸಬಹುದು. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿ ಮೀರದಿದ್ದಲ್ಲಿ ಆಯೋಗದಲ್ಲಿ ಶುಲ್ಕವಿಲ್ಲ. ವಕೀಲರನ್ನು ನೇಮಿಸದೆ ದೂರುದಾರರೇ ಹಾಜರಾಗಬಹುದು. ದೂರಿಗೆ ಕಾರಣ ಉಂಟಾದ ದಿನಾಂಕದಿಂದ 2 ವರ್ಷದೊಳಗೆ ಸಲ್ಲಿಸತಕ್ಕದ್ದು.

ಹರಿಹರದ ನಿವಾಸಿಗಳು ಒಂದು ಅಂಶವನ್ನು ವಿಶೇಷವಾಗಿ ಗಮನಿಸಬೇಕು. ತುಂಗಭದ್ರಾ ನದಿಯ ಆಚೆ ದಡದ ಕುಮಾರಪಟ್ಟಣಂ ಹಾವೇರಿ ಜಿಲ್ಲೆಗೆ ಸೇರಿದೆ. ಹಿಂದಿನ 1986ರ ಅಧಿನಿಯಮದಡಿ ಎದುರುದಾರರ ವ್ಯವಹಾರ ನಡೆಯುವ ಅಥವಾ ವ್ಯಾಜ್ಯದ ಕಾರಣ ಉಂಟಾದ ಸ್ಥಳದಲ್ಲಿಯೇ ದೂರು ದಾಖಲಿಸಬೇಕಿತ್ತು. 2020ರ ಜುಲೈನಲ್ಲಿ ಜಾರಿಗೆ ಬಂದ ಹೊಸ ಅಧಿನಿಯಮದಂತೆ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲಿಯೂ ದೂರು ನೀಡಬಹುದಾದ್ದರಿಂದ, ನದಿಯಾಚೆ ದುರಸ್ತಿ ಮಾಡಿಸಿದ ಹರಿಹರದ ಗ್ರಾಹಕರು ದಾವಣಗೆರೆಯ ಜಿಲ್ಲಾ ಆಯೋಗಕ್ಕೇ ಅರ್ಜಿ ಸಲ್ಲಿಸಬಹುದಾಗಿದೆ. ಅರ್ಜಿಯೊಂದಿಗೆ ಬಿಲ್ಲು, ಜಾಬ್ ಕಾರ್ಡ್, ಪತ್ರವ್ಯವಹಾರದ ಪ್ರತಿ, ಛಾಯಾಚಿತ್ರ ಹಾಗೂ ದುರಸ್ತಿಗೆ ಮುನ್ನ ಮತ್ತು ನಂತರ ದಾಖಲಿಸಿದ ತಾಪಮಾನದ ವಿವರಗಳನ್ನು ಲಗತ್ತಿಸತಕ್ಕದ್ದು.