ಸ್ಮಾರ್ಟ್‌ಫೋನ್ ಸಮೀಕ್ಷೆಗಳು: ಚಿಕ್ಕಬಳ್ಳಾಪುರ ಜಿಲ್ಲೆ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ತಾಲ್ಲೂಕುಗಳಲ್ಲಿ ಎಷ್ಟು ಜನರ ಬಳಿ ಸ್ಮಾರ್ಟ್‌ಫೋನ್ ಇದೆ, ಯಾವ ಬ್ರ್ಯಾಂಡಿಗೆ ಒಲವು ಹೆಚ್ಚು ಎಂಬ ಪ್ರಶ್ನೆಗಳಿಗೆ ಗಣತಿ, ಮಾದರಿ ಸಮೀಕ್ಷೆ ಮತ್ತು ಮಾರುಕಟ್ಟೆ ವರದಿಗಳಲ್ಲಿ ಉತ್ತರ ಹುಡುಕಲಾಗುತ್ತದೆ. ಈ ಮೂರೂ ಬೇರೆಬೇರೆ ಸಂಗತಿಗಳನ್ನು ಎಣಿಸುತ್ತವೆ. ಒಡೆತನದ ಅಂಕಿಗಳು ದೇಶ ಮತ್ತು ರಾಜ್ಯದ ಮಟ್ಟದಲ್ಲಿ ಬಹುಮಟ್ಟಿಗೆ ನಂಬಲರ್ಹ. ತಾಲ್ಲೂಕು ಮಟ್ಟದ ಬ್ರ್ಯಾಂಡ್ ಅಂಕಿಗಳಿಗೆ ಆಧಾರ ದುರ್ಬಲ.

ಪ್ರದೇಶ

2007ರಲ್ಲಿ ಕೋಲಾರದಿಂದ ಬೇರ್ಪಟ್ಟ ಚಿಕ್ಕಬಳ್ಳಾಪುರ ಜಿಲ್ಲೆಯ ಜನಸಂಖ್ಯೆ 2011ರ ಗಣತಿಯಂತೆ 12,55,104. ಶಿಡ್ಲಘಟ್ಟ ರೇಷ್ಮೆಗೂಡಿನ ಮಾರುಕಟ್ಟೆಗೆ, ಚಿಂತಾಮಣಿ ಟೊಮೆಟೊ ವಹಿವಾಟಿಗೆ, ಚಿಕ್ಕಬಳ್ಳಾಪುರ ದ್ರಾಕ್ಷಿ ಮತ್ತು ಹೂವಿಗೆ ಹೆಸರುವಾಸಿ; ಗೌರಿಬಿದನೂರಿನಲ್ಲಿ ಕೈಗಾರಿಕಾ ಪ್ರದೇಶವಿದೆ. ಕನ್ನಡದ ಜೊತೆಗೆ ತೆಲುಗು, ಉರ್ದು ಮನೆಮಾತಿನವರೂ ಹೆಚ್ಚಾಗಿರುವುದರಿಂದ ಪ್ರಶ್ನೆಯನ್ನು ಯಾವ ಭಾಷೆಯಲ್ಲಿ ಕೇಳಲಾಗುತ್ತದೆ ಎಂಬುದೂ ಇಲ್ಲಿ ಮುಖ್ಯ. ಎಲ್ಲಿ ಕೇಳಲಾಗುತ್ತದೆ ಎಂಬುದೂ ಅಷ್ಟೇ ಮುಖ್ಯ: ಗೂಡಿನ ಮಾರುಕಟ್ಟೆಯಲ್ಲಿ ಕೇಳಿದರೆ ರೈತರು, ರೀಲರ್‌ಗಳು ಉತ್ತರಿಸುತ್ತಾರೆ. ನೂಲು ಬಿಚ್ಚುವ ಘಟಕಗಳಲ್ಲಿ ದುಡಿಯುವ ಹೆಂಗಸರು ಲೆಕ್ಕದಿಂದ ಹೊರಗುಳಿಯುತ್ತಾರೆ.

ಒಡೆತನದ ಅಳತೆ

2011ರ ಗಣತಿ ಮನೆಯಲ್ಲಿ ಸ್ಥಿರ ದೂರವಾಣಿ ಇದೆಯೇ, ಮೊಬೈಲ್ ಇದೆಯೇ ಎಂದಷ್ಟೇ ಕೇಳಿತ್ತು. ಮುಂದಿನ ಗಣತಿಗಾಗಿ 2020ರ ಜನವರಿಯಲ್ಲಿ ಅಧಿಸೂಚಿಸಿದ ಮನೆಪಟ್ಟಿ ಪ್ರಶ್ನೆಗಳಲ್ಲಿ ಸ್ಮಾರ್ಟ್‌ಫೋನ್ ಸೇರಿತು. ಕೋವಿಡ್‌ನಿಂದಾಗಿ ಆ ಗಣತಿ ಮುಂದಕ್ಕೆ ಹೋಯಿತು. ರಾಷ್ಟ್ರೀಯ ಮಾದರಿ ಸಮೀಕ್ಷೆಯು 2025ರ ಜನವರಿ–ಮಾರ್ಚ್‌ನಲ್ಲಿ ನಡೆಸಿದ ದೂರಸಂಪರ್ಕ ಸಮೀಕ್ಷೆಯಂತೆ ದೇಶದ ಶೇ. 85.5ರಷ್ಟು ಕುಟುಂಬಗಳಲ್ಲಿ ಕನಿಷ್ಠ ಒಂದು ಸ್ಮಾರ್ಟ್‌ಫೋನ್ ಇತ್ತು.

ಮನೆಯಲ್ಲಿ ಫೋನ್ ಇರುವುದೂ ಮನೆಯವರೆಲ್ಲರ ಕೈಗೆ ಅದು ಸಿಗುವುದೂ ಒಂದೇ ಅಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 15–49 ವಯಸ್ಸಿನ ಮಹಿಳೆಯರನ್ನು ‘ನೀವೇ ಬಳಸುವ ಮೊಬೈಲ್ ಇದೆಯೇ’ ಎಂದು ಕೇಳುತ್ತದೆ. ಹೌದೆಂದವರು 2015–16ರಲ್ಲಿ ದೇಶದಾದ್ಯಂತ ಶೇ. 45.9, 2019–21ರಲ್ಲಿ ಶೇ. 54. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ವ್ಯಾಖ್ಯಾನದಲ್ಲಿ ಸ್ವಂತ ಬಳಕೆಗೆ ಫೋನ್ ಮತ್ತು ಚಾಲ್ತಿಯಲ್ಲಿರುವ ಸಿಮ್ ಇದ್ದರೆ ಅದು ಒಡೆತನ; ಸಿಮ್ ಗಂಡನ ಹೆಸರಿನಲ್ಲಿದ್ದರೂ, ಫೋನನ್ನು ಕೆಲಸ ಕೊಟ್ಟವರೇ ನೀಡಿದ್ದರೂ ಲೆಕ್ಕಕ್ಕೆ ಬರುತ್ತದೆ. ಬರೀ ಸಿಮ್ ಇದ್ದರೆ ಬರುವುದಿಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ವರದಿಗಳು ಎಣಿಸುವುದು ಚಂದಾ ಸಂಪರ್ಕಗಳನ್ನು. ಎರಡು ಸಿಮ್ ಹಾಕಿಕೊಂಡ ಒಬ್ಬ ವ್ಯಕ್ತಿ ಅಲ್ಲಿ ಎರಡು ಸಲ ಲೆಕ್ಕಕ್ಕೆ ಸೇರುತ್ತಾನೆ.

ಸ್ಮಾರ್ಟ್‌ಫೋನ್ ಎಂದರೆ ಯಾವುದು ಎಂಬಲ್ಲೂ ಗೊಂದಲವಿದೆ. 2017ರಲ್ಲಿ ಬಂದ ಜಿಯೋಫೋನ್ ಗುಂಡಿಗಳ ಫೋನ್. ಮುಂದೆ ಅದರಲ್ಲಿ ವಾಟ್ಸ್ಆ್ಯಪ್ ಕೂಡ ಓಡಿತು. ಸಮೀಕ್ಷಕರು ಫೋನನ್ನು ಕಣ್ಣಾರೆ ನೋಡದೆ ಬಾಯಿಮಾತಿನ ಉತ್ತರವನ್ನೇ ಬರೆದುಕೊಂಡರೆ ಇಂಥದ್ದು ಸ್ಮಾರ್ಟ್‌ಫೋನ್ ಪಟ್ಟಿಗಾದರೂ ಸಾಧಾರಣ ಫೋನ್ ಪಟ್ಟಿಗಾದರೂ ಹೋಗಬಹುದು.

ಸಮೀಕ್ಷೆ ನಡೆಸುವ ವಿಧಾನವೂ ಫಲಿತಾಂಶವನ್ನು ಬದಲಿಸುತ್ತದೆ. ಗ್ರಾಮೀಣ ಮಕ್ಕಳ ಕಲಿಕೆಯನ್ನು ಅಳೆಯುವ ಅಸರ್ ವರದಿಯಂತೆ, ಶಾಲೆಗೆ ದಾಖಲಾದ ಮಕ್ಕಳ ಪೈಕಿ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದ್ದವರು 2018ರಲ್ಲಿ ಶೇ. 36.5, 2020ರಲ್ಲಿ ಶೇ. 61.8. ಆನ್‌ಲೈನ್ ಪಾಠಕ್ಕಾಗಿ ಆ ವರ್ಷ ಅನೇಕರು ಫೋನ್ ಕೊಂಡದ್ದು ನಿಜ. ಆದರೆ 2018ರ ಸಮೀಕ್ಷೆ ಮನೆಮನೆಗೆ ಹೋಗಿ ನಡೆದದ್ದು, 2020ರದ್ದು ಫೋನ್ ಕರೆಯ ಮೂಲಕ ನಡೆದದ್ದು. ಫೋನೇ ಇಲ್ಲದ ಮನೆಗಳು ಎರಡನೆಯದರಲ್ಲಿ ಸಿಗುವಂತಿರಲಿಲ್ಲ.

ಬ್ರ್ಯಾಂಡ್ ಒಲವು

ಸ್ಯಾಮ್‌ಸಂಗ್, ವಿವೊ, ಒಪ್ಪೊ, ರಿಯಲ್‌ಮಿ, ಶಿಯೋಮಿ ಮೊದಲಾದವುಗಳ ಪಾಲನ್ನು ಐಡಿಸಿ, ಕೌಂಟರ್‌ಪಾಯಿಂಟ್, ಕ್ಯಾನಲಿಸ್‌ನಂಥ ಮಾರುಕಟ್ಟೆ ಸಂಶೋಧನಾ ಸಂಸ್ಥೆಗಳು ಅಂದಾಜಿಸುತ್ತ ಬಂದಿವೆ. ಅವು ಮುಖ್ಯವಾಗಿ ಲೆಕ್ಕ ಹಾಕುವುದು ಕಂಪನಿಗಳು ಮಾರಾಟ ಜಾಲಕ್ಕೆ ರವಾನಿಸಿದ ಹೊಸ ಫೋನುಗಳನ್ನು. ಅಂಗಡಿಯಲ್ಲಿ ಮಾರಾಟವಾಗದೆ ಉಳಿದವು, ಸೆಕೆಂಡ್‌ಹ್ಯಾಂಡ್ ಕೊಂಡವು, ಅಣ್ಣನಿಂದ ತಮ್ಮನಿಗೆ ದಾಟಿದವು ಅದರಲ್ಲಿ ಬೇರೆಯಾಗಿ ಕಾಣುವುದಿಲ್ಲ. ಲೆಕ್ಕದ ವಿಧಾನ ಬದಲಾದರೆ ಮೊದಲ ಸ್ಥಾನವೂ ಬದಲಾಗಬಹುದು: 2014ರ ಕೊನೆಯ ತ್ರೈಮಾಸಿಕದ ಭಾರತದ ಮಾರುಕಟ್ಟೆಯಲ್ಲಿ ಕ್ಯಾನಲಿಸ್ ಮೈಕ್ರೊಮ್ಯಾಕ್ಸ್‌ಗೆ ಶೇ. 22, ಸ್ಯಾಮ್‌ಸಂಗ್‌ಗೆ ಶೇ. 20 ಕೊಟ್ಟಿತು, ಅದೇ ಅವಧಿಗೆ ಐಡಿಸಿ ಸ್ಯಾಮ್‌ಸಂಗ್ ಅನ್ನೇ ಮುಂದಿಟ್ಟಿತು.

ಕೊಳ್ಳುವವರ ಆಯ್ಕೆಯನ್ನು ಬೆಲೆ, ಕಂತಿನ ಸಾಲ, ಅಂಗಡಿಯವರ ಶಿಫಾರಸು, ಹತ್ತಿರದಲ್ಲಿ ಸಿಗುವ ರಿಪೇರಿ ಇವೂ ನಿರ್ಧರಿಸುತ್ತವೆ. ಹೀಗಾಗಿ ಕೈಯಲ್ಲಿರುವ ಫೋನ್ ಒಲವಿನ ನೇರ ಸಾಕ್ಷ್ಯವಲ್ಲ. ಪಕ್ಕದ ಕೋಲಾರದ ನರಸಾಪುರದಲ್ಲಿ ಐಫೋನ್ ತಯಾರಾಗುತ್ತದೆ ಎಂಬುದೂ ಸುತ್ತಲಿನ ಊರುಗಳಲ್ಲಿ ಅದರ ಬಳಕೆ ಎಷ್ಟಿದೆ ಎಂಬುದನ್ನು ಹೇಳುವುದಿಲ್ಲ.

ಮಾದರಿಯ ಗಾತ್ರ

400 ಜನರನ್ನು ಯಾದೃಚ್ಛಿಕವಾಗಿ ಆರಿಸಿ ಕೇಳಿದಾಗ ಒಂದು ಬ್ರ್ಯಾಂಡಿಗೆ ಶೇ. 20 ಬಂತೆಂದರೆ, ಶೇ. 95ರ ವಿಶ್ವಾಸ ಮಟ್ಟದಲ್ಲಿ ನಿಜಪಾಲು ಸುಮಾರು 16ರಿಂದ 24ರ ನಡುವೆ ಎಲ್ಲಾದರೂ ಇರಬಹುದು. ಅದೇ 400ನ್ನು ನಾಲ್ಕು ತಾಲ್ಲೂಕಿಗೆ ನೂರರಂತೆ ಹಂಚಿದರೆ, ಒಂದೊಂದು ತಾಲ್ಲೂಕಿನ ಅಂದಾಜು 12ರಿಂದ 28ರವರೆಗೆ ಹಿಗ್ಗುತ್ತದೆ. ಬ್ರ್ಯಾಂಡ್‌ಗಳ ನಡುವಿನ ಅಂತರ ಎರಡು ಮೂರು ಶೇಕಡಾ ಅಂಶಗಳಷ್ಟೇ ಇದ್ದಾಗ ಗೌರಿಬಿದನೂರಿನಲ್ಲಿ ಯಾವುದು ಮೊದಲು, ಚಿಂತಾಮಣಿಯಲ್ಲಿ ಯಾವುದು ಎಂದು ಹೇಳಲು ಇದು ಸಾಲದು. ಮೊಬೈಲ್ ಅಂಗಡಿ ಅಥವಾ ಕಾಲೇಜಿನ ಮುಂದೆ ಸಿಕ್ಕವರನ್ನಷ್ಟೇ ಕೇಳಿದ ಸಮೀಕ್ಷೆಗಳಿಗೆ ಈ ಲೆಕ್ಕವೂ ಅನ್ವಯಿಸದು. ಅಲ್ಲಿ ಸಂಖ್ಯೆ ಹೆಚ್ಚಿಸಿದರೂ ವಾಲಿಕೆ ಕಡಿಮೆಯಾಗುವುದಿಲ್ಲ.

ವಿಶ್ವಾಸಾರ್ಹತೆ

ಯಾರನ್ನು ಹೇಗೆ ಆರಿಸಲಾಯಿತು, ಮನೆಯನ್ನು ಎಣಿಸಿದರೋ ವ್ಯಕ್ತಿಯನ್ನೋ, ಉತ್ತರಿಸಿದವರಲ್ಲಿ ಹೆಂಗಸರೆಷ್ಟು, ಫೋನನ್ನು ನೋಡಿದರೇ ಇಲ್ಲವೇ ಎಂಬ ವಿವರಗಳನ್ನು ಕೊಡುವ ಸಮೀಕ್ಷೆಯನ್ನು ತೂಗಿ ನೋಡಬಹುದು. ಇವುಗಳಿಲ್ಲದೆ ಶೇಕಡಾವಾರು ಅಂಕಿಯನ್ನಷ್ಟೇ ಮುಂದಿಡುವ ವರದಿ ಜಾಹೀರಾತಿಗಿಂತ ಹೆಚ್ಚಿನ ಪ್ರಮಾಣವಾಗದು.