ಮೊದಲ ಮೂರು ಹಾಡು

ದೊಡ್ಡ ಕಾನ್ಸರ್ಟುಗಳಲ್ಲಿ ಫೋಟೋ ತೆಗೆಯೋರಿಗೆ ಲಂಡನ್ನಿನಿಂದ ಬೆಂಗಳೂರಿನವರೆಗೆ ಹೆಚ್ಚುಕಮ್ಮಿ ಒಂದೇ ನಿಯಮ. ಮೊದಲ ಮೂರು ಹಾಡು, ಫ್ಲ್ಯಾಶ್ ಇಲ್ಲ. ಸ್ಟೇಜಿಗೂ ಜನಕ್ಕೂ ನಡುವೆ ಬ್ಯಾರಿಕೇಡ್ ಹಾಕಿ ಸ್ವಲ್ಪ ಜಾಗ ಬಿಟ್ಟಿರ್ತಾರಲ್ಲ, ಅದಕ್ಕೆ ‘ಪಿಟ್’ ಅಂತ ಹೆಸರು. ಪಾಸ್ ಇರುವ ಫೋಟೋಗ್ರಾಫರುಗಳು ಅಲ್ಲಿ ಮೊಣಕೈಗೆ ಮೊಣಕೈ ತಾಗಿಸಿಕೊಂಡು ನಿಂತು ಹತ್ತು ಹನ್ನೆರಡು ನಿಮಿಷ ಕ್ಲಿಕ್ಕಿಸಬೇಕು. ನಾಲ್ಕನೇ ಹಾಡು ಶುರುವಾಗೋ ಹೊತ್ತಿಗೆ ಸೆಕ್ಯೂರಿಟಿಯವರು ಎಲ್ಲರನ್ನೂ ಆಚೆ ಕಳಿಸ್ತಾರೆ. ಹಾಡುಗಾರನಿಗೆ ಮೈ ಬಿಸಿಯಾಗೋದು, ಡ್ರಮ್ಮರ್ ಅಂಗಿ ತೆಗೆದು ಎಸೆಯೋದು ಎಲ್ಲ ಆಮೇಲೆ.

ನನ್ನಂಥವರಿಗೆ ಆ ಹತ್ತು ನಿಮಿಷವೂ ಇಲ್ಲ. ವಾರವಿಡೀ ಆಫೀಸು, ಶುಕ್ರವಾರ ರಾತ್ರಿ ಲ್ಯಾಪ್‌ಟಾಪ್ ಬ್ಯಾಗಿನಲ್ಲೇ ಒಂದು ಕ್ಯಾಮೆರಾ, ಒಂದು 50 ಎಂ.ಎಂ. ಲೆನ್ಸು ತುರುಕಿಕೊಂಡು ಗಿಗ್ಗಿಗೆ ಓಡೋ ಜಾತಿ ನಮ್ಮದು. ಅರಮನೆ ಮೈದಾನದಂಥ ಕಡೆ ಟಿಕೆಟ್ಟಿನ ಹಿಂದೆಯೇ ಬರೆದಿರ್ತಾರೆ: ವೃತ್ತಿಪರ ಕ್ಯಾಮೆರಾಗೆ ಪ್ರವೇಶವಿಲ್ಲ. ಲೆನ್ಸು ಬಿಚ್ಚಿ ಹಾಕೋ ಹಾಗಿದ್ದರೆ ಅದು ವೃತ್ತಿಪರ, ನೀವು ಜಾವಾ ಡೆವಲಪರ್ ಆಗಿದ್ದರೂ ಸರಿ.

ಈ ನಿಯಮ ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋದಾಗ ನನಗೆ ಸಿಕ್ಕಿದ್ದು ಬೇರೆಯೇ ಒಂದು ಕತೆ. ಸಂಗೀತದ ಫೋಟೋಗಳ ಚರಿತ್ರೆಯಲ್ಲಿ ದೊಡ್ಡ ಹೆಸರು ಮಾಡಿದ ಕೆಲವರು ಶುರುಮಾಡಿದ್ದು ನಮ್ಮ ಹಾಗೇ, ಹುಚ್ಚಿಗೆ, ಕೈಯಿಂದ ದುಡ್ಡು ಹಾಕಿ.

ವಿಲಿಯಂ ಗಾಟ್ಲೀಬ್ ಅನ್ನೋ ಅಮೆರಿಕನ್ ಹುಡುಗ ಕಾಲೇಜಿನಲ್ಲಿದ್ದಾಗ ಸರಿಯಾಗಿ ಬೇಯದ ಹಂದಿಮಾಂಸ ತಿಂದು ಕಾಯಿಲೆ ಬಿದ್ದ. ಹಾಸಿಗೆ ಹಿಡಿದವನನ್ನು ನೋಡೋಕೆ ಬರುತ್ತಿದ್ದ ಜಾಝ್ ಪ್ರೇಮಿ ಗೆಳೆಯನೊಬ್ಬ ಅವನಿಗೂ ಆ ಹುಚ್ಚು ಹತ್ತಿಸಿದ. (ಮಲಗಿದ್ದಾಗ ನಾನು ನೋಡಿದ್ದು ವೆಬ್ ಸೀರೀಸ್ ಮಾತ್ರ. ಒಳ್ಳೇ ಗೆಳೆಯರು ಬೇಕು.) ಮುಂದೆ ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯ ಜಾಹೀರಾತು ವಿಭಾಗದಲ್ಲಿ ಕೆಲಸ ಸಿಕ್ಕಿತು. ಅದರ ಜೊತೆಗೇ 1938ರಲ್ಲಿ ವಾರಕ್ಕೊಂದು ಜಾಝ್ ಅಂಕಣ ಶುರುಮಾಡಿದ. ಮೊದಮೊದಲು ಪತ್ರಿಕೆ ಅವನ ಜೊತೆ ಫೋಟೋಗ್ರಾಫರನ್ನು ಕಳಿಸುತ್ತಿತ್ತು. ಸ್ವಲ್ಪ ದಿನಕ್ಕೆ, ಈ ಅಂಕಣಕ್ಕೆಲ್ಲಾ ಅಷ್ಟು ಖರ್ಚು ಯಾಕೆ ಅಂತ ಅದು ನಿಂತಿತು. ಗಾಟ್ಲೀಬ್ ತಾನೇ ಒಂದು ಸ್ಪೀಡ್ ಗ್ರಾಫಿಕ್ ಕ್ಯಾಮೆರಾ ಹೊಂದಿಸಿಕೊಂಡು ಕೆಲಸ ಕಲಿತ.

ಹೆಸರಲ್ಲಿ ಸ್ಪೀಡ್ ಇದ್ದರೂ ಅದು ಇಟ್ಟಿಗೆಗಿಂತ ಭಾರದ, ನಿಧಾನದ ಪ್ರಾಣಿ. ನಾಲ್ಕು ಇಂಚು ಅಗಲ, ಐದು ಇಂಚು ಉದ್ದದ ಬಿಡಿ ಫಿಲ್ಮ್ ಹಾಳೆಗಳು. ಒಂದು ಹೋಲ್ಡರಿನಲ್ಲಿ ಎರಡೇ ಹಾಳೆ, ಈ ಕಡೆ ಒಂದು, ಆ ಕಡೆ ಒಂದು. ಪ್ರತಿ ಚಿತ್ರಕ್ಕೂ ಮುಚ್ಚಳ ಎಳೆಯಬೇಕು, ಶಟರ್ ಬಿಗಿಯಬೇಕು, ಫ್ಲ್ಯಾಶ್ ಬಲ್ಬು ಬದಲಾಯಿಸಬೇಕು. ಬಲ್ಬು ಒಂದು ಸಲ ಉರಿದರೆ ಮುಗೀತು, ಬಿಸಿ ಬಿಸಿ ಗಾಜು ಕೈಗೆ. ಎಲ್ಲ ಖರ್ಚೂ ಅವನದೇ ಆದ್ದರಿಂದ ಒಂದು ಸಂಜೆಗೆ ತೆಗೆಯುತ್ತಿದ್ದದ್ದು ಮೂರೋ ನಾಲ್ಕೋ ಚಿತ್ರ. ಅಲ್ಲಿ ಮೂರು ಹಾಡಲ್ಲ, ಮೂರು ಕ್ಲಿಕ್ಕು!

ಹಾಗಾಗಿ ಅವನು ಕಾಯುತ್ತಿದ್ದ. ಯಾವ ಸ್ವರಕ್ಕೆ ಯಾರ ಮುಖ ಹೇಗಾಗುತ್ತೆ ಅಂತ ಗೊತ್ತಿದ್ದವನಿಗೆ ಮಾತ್ರ ಹಾಗೆ ಕಾಯೋಕೆ ಸಾಧ್ಯ. 1947ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಡೌನ್‌ಬೀಟ್ ಕ್ಲಬ್ಬಿನಲ್ಲಿ ತೆಗೆದ ಬಿಲ್ಲಿ ಹಾಲಿಡೇ ಚಿತ್ರವನ್ನು ನೀವು ನೋಡಿಯೇ ಇರ್ತೀರಿ, ತೆಗೆದವರ ಹೆಸರು ಗೊತ್ತಿಲ್ಲದೇ ಇರಬಹುದು. ತಲೆ ಹಿಂದಕ್ಕೆ ವಾಲಿದೆ, ಬಾಯಿ ತೆರೆದಿದೆ, ಆ ಸ್ವರ ನೋವಿನಿಂದ ಬರ್ತಿದೆ ಅನ್ನೋದು ಚಿತ್ರದಲ್ಲೇ ಕೇಳಿಸುತ್ತೆ. 1948ಕ್ಕೆ ಗಾಟ್ಲೀಬ್ ಈ ರಾತ್ರಿ ಜೀವನ ಸಾಕು, ಮನೆಮಂದಿಯ ಜೊತೆ ಇರ್ತೀನಿ ಅಂತ ಜಾಝ್ ಬಿಟ್ಟು, ಶಾಲೆಗಳಿಗೆ ಶೈಕ್ಷಣಿಕ ಫಿಲ್ಮ್‌ಸ್ಟ್ರಿಪ್ ಮಾಡೋ ಕೆಲಸಕ್ಕೆ ಹೋದ. ಹತ್ತು ವರ್ಷ, ಅದರಲ್ಲೂ ನಡುವೆ ಯುದ್ಧ, ಸೇನೆ. ಉಳಿದದ್ದು ಸುಮಾರು 1,600 ಚಿತ್ರ. ಒಂದು ಗೋವಾ ಟ್ರಿಪ್ಪಿಗೆ ನಾವು ಫೋನಿನಲ್ಲಿ ಅಷ್ಟು ತೆಗೀತೀವಿ.

ಹರ್ಮನ್ ಲಿಯೊನಾರ್ಡ್ ಇನ್ನೊಬ್ಬ. 1940ರ ದಶಕದ ಕೊನೆಯಲ್ಲಿ ನ್ಯೂಯಾರ್ಕಿಗೆ ಬಂದಾಗ ಜಾಝ್ ಕ್ಲಬ್ಬುಗಳ ಟಿಕೆಟ್ಟಿಗೆ ಕೈಯಲ್ಲಿ ಕಾಸಿರಲಿಲ್ಲ. ಒಳಗೆ ಬಿಡಿ, ಪ್ರಚಾರಕ್ಕೆ ಪ್ರಿಂಟು ಕೊಡ್ತೀನಿ ಅಂತ ಮಾಲೀಕರ ಜೊತೆ ಒಪ್ಪಂದ ಮಾಡಿಕೊಂಡ. ನಾವು ಇವತ್ತು ‘ಎಂಟ್ರಿ ಫ್ರೀ ಕೊಡಿ, ನಿಮ್ಮ ಇನ್‌ಸ್ಟಾಗ್ರಾಮಿಗೆ ಫೋಟೋ ಕೊಡ್ತೀನಿ’ ಅಂತೀವಲ್ಲ, ಅದೇ. ಬೆಳಕನ್ನು ಹಿಂದಿನಿಂದ ಬಿಟ್ಟು ಸಿಗರೇಟು ಹೊಗೆಯನ್ನು ಮೋಡದ ಹಾಗೆ ಬೆಳಗಿಸಿದ ಡೆಕ್ಸ್ಟರ್ ಗಾರ್ಡನ್ ಚಿತ್ರ (1948) ಅವನದು. ಈಗಿನ ಪ್ರತಿ ಪಬ್ಬಿನ ಫಾಗ್ ಮಷೀನೂ ಆ ಒಂದು ಚಿತ್ರದ ಕಾಪಿ ಹೊಡೀತಿದೆ ಅಂತ ನನ್ನ ಗುಮಾನಿ.

1954ರಲ್ಲಿ ಕೊಡಾಕ್ ಕಂಪನಿಯ ಟ್ರೈ-ಎಕ್ಸ್ ಫಿಲ್ಮು 35 ಎಂ.ಎಂ. ಅಳತೆಯಲ್ಲಿ ಬಂತು. ಕಡಿಮೆ ಬೆಳಕಲ್ಲೂ ಕೆಲಸ ಮಾಡೋ ಫಿಲ್ಮು, ಜೇಬಿನಲ್ಲಿ ಹಿಡಿಸೋ ಲೈಕಾ ಕ್ಯಾಮೆರಾ, ಫ್ಲ್ಯಾಶಿನ ಹಂಗಿಲ್ಲ. ಈ ಕಾಲದ ದೊರೆ ಜಿಮ್ ಮಾರ್ಷಲ್. ಅವನದು ಒಂದೇ ಶರತ್ತು: ಎಲ್ಲ ಕಡೆಗೂ ಪ್ರವೇಶ ಬೇಕು, ಇಲ್ಲದಿದ್ದರೆ ನಾನು ಬರಲ್ಲ. 1969ರಲ್ಲಿ ಸ್ಯಾನ್ ಕ್ವೆಂಟಿನ್ ಜೈಲಿನಲ್ಲಿ ಜಾನಿ ಕ್ಯಾಶ್ ಹಾಡೋಕೆ ಹೋದಾಗ, ಜೈಲಧಿಕಾರಿಗೆ ಅಂತ ಒಂದು ಪೋಸು ಕೊಡು ಅಂದ ಮಾರ್ಷಲ್. ಕ್ಯಾಶ್ ಮಧ್ಯದ ಬೆರಳು ಎತ್ತಿದ. ಆ ಪೋಸ್ಟರು ನಮ್ಮ ಎಷ್ಟೋ ಪಿ.ಜಿ. ಗೋಡೆಗಳ ಮೇಲೂ ಇತ್ತು. ಪಿಟ್ಟಿನಲ್ಲಿ ಹತ್ತು ನಿಮಿಷ ನಿಂತವನಿಗೆ ಯಾವ ಹಾಡುಗಾರನೂ ಹಾಗೆ ಬೆರಳು ತೋರಿಸಲ್ಲ. ಅಷ್ಟು ಸಲಿಗೆ ಬೇಕು.

ಆದರೆ ನನಗೆ ಎಲ್ಲಕ್ಕಿಂತ ಇಷ್ಟ 1967ರ ಜೂನ್ 18ರ ಒಂದು ಚಿತ್ರ. ಕ್ಯಾಲಿಫೋರ್ನಿಯಾದ ಮಾಂಟೆರೇ ಪಾಪ್ ಫೆಸ್ಟಿವಲ್, ಜಿಮಿ ಹೆಂಡ್ರಿಕ್ಸ್ ಮಂಡಿಯೂರಿ ಕೂತು ತನ್ನ ಗಿಟಾರಿಗೆ ಬೆಂಕಿ ಹಚ್ಚಿದ್ದಾನೆ. ಇದನ್ನು ತೆಗೆದವನು ಎಡ್ ಕ್ಯಾರಫ್, 17 ವರ್ಷದ ಹೈಸ್ಕೂಲು ಹುಡುಗ. ಕ್ಯಾಮೆರಾ ಕೂಡ ಅವನದಲ್ಲ, ಪರಿಚಯದ ಕಣ್ಣಿನ ಡಾಕ್ಟರದು. ಹೆಂಡ್ರಿಕ್ಸ್ ಯಾರು ಅಂತಲೇ ಅವನಿಗೆ ಸರಿಯಾಗಿ ಗೊತ್ತಿರಲಿಲ್ಲ. ಪಕ್ಕದಲ್ಲಿದ್ದ ಜರ್ಮನ್ ಫೋಟೋಗ್ರಾಫರ್ ಒಬ್ಬ, ಇವನಿಗೆ ಅಂತ ಸ್ವಲ್ಪ ಫಿಲ್ಮು ಉಳಿಸ್ಕೋ ಅಂದಿದ್ದ. ಹುಡುಗ ಸ್ಟೇಜಿನ ಅಂಚಿಗೆ ಒಂದು ಕುರ್ಚಿ ಎಳೆದುಕೊಂಡು ಹತ್ತಿ ನಿಂತಿದ್ದ. ಬೆಂಕಿಯ ಝಳ ಮುಖಕ್ಕೆ ಹೊಡೆಯೋವಾಗ ಕ್ಯಾಮೆರಾವನ್ನೇ ಅಡ್ಡ ಹಿಡಿದಿದ್ದ. ರೀಲಿನಲ್ಲಿ ಉಳಿದಿದ್ದ ಕೊನೆಯ ಫ್ರೇಮು ಅದು. ಇವತ್ತಿನ ಯಾವ ಫೆಸ್ಟಿವಲ್ಲಿನಲ್ಲಿ ಒಬ್ಬ ಹತ್ತನೇ ಕ್ಲಾಸು ಮುಗಿಸಿದ ಹುಡುಗ ಕುರ್ಚಿ ತಗೊಂಡು ಸ್ಟೇಜಿನ ಹತ್ತಿರ ಹೋಗ್ತಾನೆ ಹೇಳಿ? ಕುರ್ಚಿ ಸಮೇತ ಎತ್ತಿ ಹೊಸೂರು ರೋಡಿಗೆ ಹಾಕ್ತಾರೆ.

1980ರ ದಶಕದಲ್ಲಿ ಬಾಗಿಲು ಮುಚ್ಚಿತು. 1981ರಲ್ಲಿ ಎಂಟಿವಿ ಬಂದ ಮೇಲೆ ಹಾಡುಗಾರರ ಮುಖವೂ ಮಾರಾಟದ ಸರಕಾಯಿತು. ವಿಡಿಯೋದಲ್ಲಿ ಮಿರಮಿರ ಮಿಂಚೋ ಮುಖ, ನಾಲ್ಕನೇ ಹಾಡಿಗೆ ಬೆವರಿ ಮೇಕಪ್ ಇಳಿದು ಪತ್ರಿಕೆಯಲ್ಲಿ ಬರಬಾರದು. ಪಿಟ್ಟಿನ ತುಂಬಾ ಫ್ಲ್ಯಾಶ್ ಹೊಡೆದರೆ ಹಾಡೋರಿಗೂ ಕಣ್ಣು ಕತ್ತಲೆ, ಅದು ನ್ಯಾಯವಾದ ದೂರೇ. ಎರಡೂ ಸೇರಿ ಈ ಮೂರು ಹಾಡಿನ ನಿಯಮ ವಾಡಿಕೆಯಾಯ್ತು. ನಿಯಮದ ಹಿಂದೆಯೇ ಕಾಗದ ಪತ್ರ ಬಂತು: ಸಹಿ ಹಾಕು, ಫೋಟೋ ಒಂದು ಸಲ ಮಾತ್ರ ಬಳಸು, ನಾವು ಮಾತ್ರ ಎಷ್ಟು ಸಲ ಬೇಕಾದರೂ ಬಳಸ್ತೀವಿ.

2015ರಲ್ಲಿ ಈ ಜಗಳ ಬೀದಿಗೆ ಬಂತು. ಆ್ಯಪಲ್ ಕಂಪನಿ ಮೂರು ತಿಂಗಳು ಹಾಡುಗಾರರಿಗೆ ದುಡ್ಡು ಕೊಡದೆ ಹಾಡು ಕೇಳಿಸ್ತಿದೆ ಅಂತ ಟೇಲರ್ ಸ್ವಿಫ್ಟ್ ಬಹಿರಂಗ ಪತ್ರ ಬರೆದರು. ಜೇಸನ್ ಶೆಲ್ಡನ್ ಅನ್ನೋ ಬ್ರಿಟಿಷ್ ಫೋಟೋಗ್ರಾಫರ್ ತಕ್ಷಣ ಇನ್ನೊಂದು ಪತ್ರ ಬರೆದು, ನಿಮ್ಮ ಕಾನ್ಸರ್ಟಿನ ಕರಾರು ನಮಗೆ ಮಾಡೋದೂ ಅದೇ ಅಲ್ವಾ ಅಂತ ಕೇಳಿದ. ಮುಂದಿನ ತಿಂಗಳು ಆ ಕರಾರು ಸಡಿಲವಾಯ್ತು. ಅದೇ ಹೊತ್ತಿಗೆ ವಾಷಿಂಗ್ಟನ್ ಸಿಟಿ ಪೇಪರ್ ಎಂಬ ವಾರಪತ್ರಿಕೆ ಫೂ ಫೈಟರ್ಸ್ ಬ್ಯಾಂಡಿನ ಕರಾರಿಗೆ ಸಹಿ ಹಾಕಲ್ಲ ಅಂತ ಹಟ ಹಿಡಿಯಿತು. ಬದಲಿಗೆ ಏನು ಮಾಡ್ತೀವಿ ಅಂದರು ಗೊತ್ತಾ? ಟಿಕೆಟ್ ತಗೊಂಡು ಬಂದ ಪ್ರೇಕ್ಷಕರ ಹತ್ತಿರ ಫೋಟೋ ಕೊಳ್ತೀವಿ ಅಂದರು. ಅರ್ಧ ಶತಮಾನ ಕಳೆದ ಮೇಲೆ ಆ ಮಾಂಟೆರೇ ಹುಡುಗನನ್ನು ಪತ್ರಿಕೆಯೊಂದು ಮತ್ತೆ ಹುಡುಕಿಕೊಂಡು ಹೊರಟ ಹಾಗಿತ್ತು.

ಈಗ ನಮ್ಮೂರಿಗೆ ಬರ್ತೀನಿ. ರೋಲಿಂಗ್ ಸ್ಟೋನ್ಸ್ 2003ರಲ್ಲಿ, ಐರನ್ ಮೇಡನ್ 2007ರಲ್ಲಿ, ಮೆಟಾಲಿಕಾ 2011ರಲ್ಲಿ ಬೆಂಗಳೂರಿನಲ್ಲಿ ಬಾರಿಸಿದ್ದಕ್ಕೆ ಸಾಕ್ಷಿ ಬೇಕಾದಷ್ಟಿದೆ. ಅವಕ್ಕೆ ಪತ್ರಿಕೆಗಳಿದ್ದವು, ಏಜೆನ್ಸಿಗಳಿದ್ದವು. ನನ್ನ ಚಿಂತೆ ಇನ್ನೊಂದು ಬೆಂಗಳೂರಿನದು. 1996ರಲ್ಲಿ ಶುರುವಾದ ಥರ್ಮಲ್ ಅಂಡ್ ಎ ಕ್ವಾರ್ಟರ್, ಲುಂಗಿ ಉಟ್ಟು ಗೆಜ್ಜೆ ಕಟ್ಟಿ ಕುಣಿಯೋ ರಘು ದೀಕ್ಷಿತ್, ಸ್ವರಾತ್ಮ, ಇವರಿಗಾದರೂ ಹೆಸರಿದೆ. ಎರಡು ವರ್ಷ ಬಾರಿಸಿ, ಬೇಸಿಸ್ಟ್ ಎಂ.ಎಸ್. ಮಾಡೋಕೆ ಹೋದ ಅಂತ ಮುಚ್ಚಿಹೋದ ನೂರಾರು ಬ್ಯಾಂಡುಗಳ ಕತೆ? ಇಂದಿರಾನಗರದ ಹಮ್ಮಿಂಗ್ ಟ್ರೀ 2013ರಲ್ಲಿ ಬಾಗಿಲು ತೆಗೆದು 2019ರಲ್ಲಿ ಹಾಕಿತು. ಇಂಥ ಜಾಗ ಮುಚ್ಚಿದರೆ ಮಾರನೇ ವರ್ಷ ಅಲ್ಲಿ ಇನ್ನೊಂದು ಬೋರ್ಡು. ಯಾವ ಪತ್ರಿಕೆಯೂ ಮಂಗಳವಾರದ ಗಿಗ್ಗಿಗೆ ಫೋಟೋಗ್ರಾಫರ್ ಕಳಿಸಲಿಲ್ಲ. ಅಲ್ಲಿ ಇದ್ದದ್ದು ನಾವು.

ಸಣ್ಣ ಜಾಗಗಳಲ್ಲಿ ಪಿಟ್ಟೂ ಇಲ್ಲ, ಮೂರು ಹಾಡಿನ ಲೆಕ್ಕವೂ ಇಲ್ಲ. ಮಾರ್ಷಲ್ ಕೇಳ್ತಿದ್ದ ಪ್ರವೇಶ ನಮಗೆ ಸುಮ್ಮನೆ ಸಿಗುತ್ತೆ. ಸೌಂಡ್‌ಚೆಕ್‌ಗೆ ಬಂದು ಕೂತರೆ ಯಾರೂ ಎಬ್ಬಿಸಲ್ಲ, ಡ್ರಮ್ಮರ್ ಬಂದು ನನ್ನದೊಂದು ಪ್ರೊಫೈಲ್ ಪಿಕ್ ತೆಗಿ ಗುರು ಅಂತಾನೆ. ಕಷ್ಟ ಅಂದರೆ ಬೆಳಕು. ನೀಲಿ, ಕೆಂಪು ಎಲ್.ಇ.ಡಿ. ದೀಪಗಳು ಮುಖವನ್ನು ಕೆಂಪು ಬಣ್ಣ ಬಳಿದ ಬಲೂನು ಮಾಡ್ತವೆ. ಸೈಲೆಂಟ್ ಶಟರ್ ಹಾಕಿದರೆ ಅದೇ ದೀಪಗಳ ಮಿಣುಕಿಗೆ ಚಿತ್ರದ ಮೇಲೆ ಅಡ್ಡ ಪಟ್ಟೆ ಬೀಳುತ್ತೆ. ನಾನು ಬಿಳಿ ಬೆಳಕು ಬರೋ ತನಕ ಕಾಯ್ತೀನಿ, ಇಲ್ಲಾ ಕಪ್ಪುಬಿಳುಪು ಮಾಡ್ತೀನಿ. ಒಳ್ಳೇ ಬೆಳಕಲ್ಲಿ ಸಂಗೀತ ಕೇಳಬೇಕು ಅಂದರೆ ರಾಮನವಮಿಗೆ ಚಾಮರಾಜಪೇಟೆಯ ಪೆಂಡಾಲಿಗೇ ಹೋಗಬೇಕು.

ಇಷ್ಟೆಲ್ಲ ತೆಗೆದದ್ದು ಎಲ್ಲಿದೆ ಅನ್ನೋದು ಪ್ರಶ್ನೆ. ಹರ್ಮನ್ ಲಿಯೊನಾರ್ಡ್ ಕೊನೆಗೆ ನ್ಯೂ ಆರ್ಲಿಯನ್ಸ್ ಸೇರಿದ್ದ. 2005ರಲ್ಲಿ ಕತ್ರೀನಾ ಚಂಡಮಾರುತಕ್ಕೆ ಮನೆ ಮುಳುಗಿ ಸುಮಾರು 8,000 ಪ್ರಿಂಟು ಹಾಳಾದವು. ನೆಗೆಟಿವ್‌ಗಳು ಊರಿನ ಆಗ್ಡೆನ್ ಮ್ಯೂಸಿಯಮ್ಮಿನ ಭದ್ರ ಕೋಣೆ ಸೇರಿದ್ದರಿಂದ ಬಚಾವು. ಗಾಟ್ಲೀಬ್‌ನ ಸಂಗ್ರಹವನ್ನು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 1995ರಲ್ಲಿ ಕೊಂಡಿತು. ಅವನ ಇಚ್ಛೆಯಂತೆ 2010ರ ಫೆಬ್ರವರಿ 16ರಿಂದ ಆ ಚಿತ್ರಗಳು ಎಲ್ಲರ ಸ್ವತ್ತು. ವಿಕಿಪೀಡಿಯಾದಲ್ಲಿ ಆ ಕಾಲದ ಜಾಝ್ ಕಲಾವಿದರ ಪುಟ ತೆಗೆದರೆ ಸಾಮಾನ್ಯವಾಗಿ ಸಿಗೋದು ಅವನ ಚಿತ್ರವೇ. ತೆಗೆದವನು ಯಾವಾಗಲೋ ಬಿಟ್ಟುಹೋದ ಹವ್ಯಾಸ ಇವತ್ತು ಒಂದು ಕಾಲದ ಮುಖವಾಗಿದೆ.

ನಮ್ಮದು ಎರಡು ಟಿ.ಬಿ. ಹಾರ್ಡ್‌ಡಿಸ್ಕಿನಲ್ಲಿ, ‘ಹೊಸ ಫೋಲ್ಡರ್ 3’ ಒಳಗೆ ಇದೆ. ಡಿಸ್ಕು ಕೆಟ್ಟರೆ ಅಲ್ಲಿಗೆ ಸಮಾಪ್ತಿ, ಚಂಡಮಾರುತ ಬೇಡ. ಹಾಗಾಗಿ ಒಂದು ವರ್ಷದಿಂದ ಭಾನುವಾರ ಬೆಳಗ್ಗೆ ಎರಡು ಗಂಟೆ ಕೂತು ಹಳೇ ಗಿಗ್ಗುಗಳನ್ನು ವಿಂಗಡಿಸ್ತಿದ್ದೀನಿ. ತಾರೀಖು, ಜಾಗ, ಬ್ಯಾಂಡು, ಯಾರು ಯಾವ ವಾದ್ಯ. ಬ್ಯಾಂಡಿನವರು ಸರಿ ಅಂದ ಚಿತ್ರಗಳನ್ನು ವಿಕಿಮೀಡಿಯಾ ಕಾಮನ್ಸಿಗೆ ಹಾಕ್ತೀನಿ, ಯಾರು ಬೇಕಾದರೂ ಬಳಸಬಹುದು. ಚಿತ್ರ ಆರಿಸೋದಕ್ಕಿಂತ ಹೆಸರು ಹುಡುಕೋದೇ ದೊಡ್ಡ ಕೆಲಸ. ಬ್ಯಾಂಡಿನ ಫೇಸ್‌ಬುಕ್ ಪುಟ ಹೋಗಿರುತ್ತೆ, ಗಿಟಾರಿಸ್ಟ್ ಈಗ ಟೊರಾಂಟೋದಲ್ಲಿ ಪ್ರಾಜೆಕ್ಟ್ ಮ್ಯಾನೇಜರ್, ಮೆಸೇಜಿಗೆ ಮೂರು ವಾರದ ಮೇಲೆ ಉತ್ತರ ಬರುತ್ತೆ. ಹೋದ ತಿಂಗಳು ಒಬ್ಬ, ತನ್ನ ಮಗಳಿಗೆ ತೋರಿಸೋಕೆ ತಾನು ಬಾರಿಸಿದ್ದ ಒಂದು ಫೋಟೋವೂ ಇರಲಿಲ್ಲ, ದೊಡ್ಡ ಸೈಜಿಂದು ಕಳಿಸು ಅಂದ. 2014ರ ಮಳೆಗಾಲದ ಒಂದು ಗಿಗ್ಗಿನಲ್ಲಿ ಬೇಸ್ ಬಾರಿಸಿದ ಹುಡುಗಿ ಯಾರು ಅಂತ ಮಾತ್ರ ಅವನಿಗೂ ನೆನಪಿಲ್ಲ, ಉದ್ದ ಕೂದಲು, ಹಸಿರು ಗಿಟಾರು, ಬರಿಗಾಲು. ಇನ್ನೂ ಇಬ್ಬರನ್ನು ಕೇಳಿದ್ದೀನಿ, ಉತ್ತರ ಬರಬೇಕು.