ಇಂಗ್ಲಿಷಿಗೆ ಸಂದ ಕೆಲವು ಪದಗಳ ಪೂರ್ವಾರ್ಥ: ಕನ್ನಡ–ಮರಾಠಿ ನೆಲೆಯಿಂದ ಒಂದು ಪರಿಶೀಲನೆ

ಇಂಗ್ಲಿಷಿನಲ್ಲಿ ಸೇರಿಹೋಗಿರುವ ಭಾರತೀಯ ಪದಗಳ ಚರ್ಚೆ ಬಂದಾಗಲೆಲ್ಲ ಕನ್ನಡಿಗರು ಒಂದು ಪಟ್ಟಿಯನ್ನು ಮುಂದೊಡ್ಡುವುದು ರೂಢಿಯಾಗಿದೆ. ಬ್ಯಾಂಬೂ ನಮ್ಮದು, ಜಾಗರಿ ನಮ್ಮದು, ಅರೀಕಾ ನಮ್ಮದು ಎಂಬ ಈ ಹಕ್ಕುಸಾಧನೆಗೆ ಧ್ವನಿಸಾಮ್ಯವೊಂದೇ ಆಧಾರವಾಗಿರುವುದು ಹೆಚ್ಚು. ಪದವೊಂದು ಯಾವ ಭಾಷೆಯಿಂದ ಹೊರಟಿತೆಂಬುದನ್ನು ನಿರ್ಧರಿಸಬೇಕಾದರೆ, ಅದು ಹೊರಟ ಕಾಲದಲ್ಲಿ ಆ ಭಾಷೆಯಲ್ಲಿ ಅದಕ್ಕೆ ಯಾವ ಅರ್ಥವಿತ್ತೆಂಬುದನ್ನು ಮೊದಲು ಕೇಳಬೇಕು ಎಂಬುದು ನಮ್ಮ ನಿಲುವು. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಎಸ್. ಎಂ. ಕತ್ರೆಯವರು 1948ರಲ್ಲಿ ಆರಂಭಿಸಿದ ಸಂಸ್ಕೃತ ನಿಘಂಟಿನ ಯೋಜನೆ ಹಿಡಿದದ್ದು ಈ ಐತಿಹಾಸಿಕ ಮಾರ್ಗವನ್ನೇ. ಆಕ್ಸ್‌ಫರ್ಡ್ ನಿಘಂಟಿನ ಹಿಂದಿರುವುದೂ ಅದೇ ತತ್ತ್ವ.

ಪುಣೆಯ ಹೆಸರನ್ನು ಇಲ್ಲಿ ಎತ್ತಿದ್ದಕ್ಕೆ ಬೇರೊಂದು ಕಾರಣವೂ ಉಂಟು. ಕನ್ನಡದ ನೆರೆಯ ಮರಾಠಿ ಹಲವು ಪದಗಳಿಗೆ ನಡುದಾರಿಯಾಗಿದೆ. ಮಾಂಗೂಸ್ ಇದಕ್ಕೆ ಸ್ಪಷ್ಟ ನಿದರ್ಶನ. 1886ರಲ್ಲಿ ಪ್ರಕಟವಾದ ಯೂಲ್ ಮತ್ತು ಬರ್ನೆಲ್ ಅವರ ‘ಹಾಬ್ಸನ್-ಜಾಬ್ಸನ್’ ಈ ಪದವನ್ನು ತೆಲುಗಿಗೆ ಒಯ್ಯುತ್ತದೆ. ಅನಂತರದ ನಿಘಂಟುಕಾರರು ಮರಾಠಿಯ ‘ಮುಂಗೂಸ’ವನ್ನು ಒಪ್ಪಿದ್ದಾರೆ. ಪೋರ್ಚುಗೀಸರ ಸಂಪರ್ಕ ಪಶ್ಚಿಮ ತೀರದಲ್ಲಿ ದಟ್ಟವಾಗಿದ್ದುದನ್ನು ನೆನೆದರೆ ಎರಡನೆಯದೇ ಸರಿ. ಆದರೆ ವಿಚಾರ ಅಲ್ಲಿಗೇ ನಿಲ್ಲುವುದಿಲ್ಲ. ಸಂಸ್ಕೃತದಲ್ಲಿ ಈ ಪ್ರಾಣಿಗೆ ‘ನಕುಲ’ ಎಂಬ ಹೆಸರು. ಅದರಿಂದ ಹಿಂದಿಯ ‘ನೇವಲಾ’ ಬಂದಿತು. ಮರಾಠಿಯ ರೂಪಕ್ಕೆ ಈ ವಂಶದಲ್ಲಿ ಸ್ಥಾನವಿಲ್ಲ. ಕನ್ನಡದ ‘ಮುಂಗುಸಿ’, ‘ಮುಂಗುಲಿ’, ತೆಲುಗಿನ ‘ಮುಂಗಿಸ’ಗಳೊಡನೆ ಇಟ್ಟು ನೋಡಿದಾಗ ಅದು ದ್ರಾವಿಡ ನೆರೆಯಿಂದ ಮರಾಠಿಗೆ ಸಂದುದೆಂಬುದು ಗೋಚರವಾಗುತ್ತದೆ. ಇಂಗ್ಲಿಷಿಗೆ ಕೊಟ್ಟದ್ದು ಮರಾಠಿ, ಮರಾಠಿಗೆ ಕೊಟ್ಟದ್ದು ಅದರ ದಕ್ಷಿಣದ ನೆರೆ. ಇಂಗ್ಲಿಷಿನವರು ಪದದ ಕೊನೆಗೆ ತಮ್ಮ ಹೆಬ್ಬಾತಿನ ಹೆಸರನ್ನು ಕಾಣುವಂತೆ ಕಾಗುಣಿತ ತಿದ್ದಿಕೊಂಡರು. ಮುಂಗುಸಿಗೂ ಬಾತಿಗೂ ಏನು ನಂಟೋ!

ಬ್ಯಾಂಬೂ ವಿಚಾರ ಇಷ್ಟು ಸುಲಭವಲ್ಲ. ಬರ್ನೆಲ್ ಮಂಗಳೂರಿನಲ್ಲಿ ಸೇವೆ ಸಲ್ಲಿಸಿದವನು. ದಕ್ಷಿಣ ಭಾರತದ ಲಿಪಿಗಳನ್ನು ಕುರಿತ ಅವನ ಗ್ರಂಥ ಅಚ್ಚಾದುದೂ 1874ರಲ್ಲಿ ಅಲ್ಲಿಯ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ. ಅವನೂ ಯೂಲನೂ ಈ ಪದಕ್ಕೆ ಕನ್ನಡ ಮೂಲವನ್ನು ಗಂಭೀರವಾಗಿ ಪರಿಗಣಿಸಿದರು. ಅದು ಸುಮಾತ್ರದಿಂದ ಬಂದ ಮಲಯ ಪದವೆಂಬ ವಾದವೂ ಅವರ ಎದುರಿಗಿತ್ತು. ಗೋವೆಯಲ್ಲಿ 1563ರಲ್ಲಿ ಪ್ರಕಟವಾದ ಗಾರ್ಸಿಯಾ ದ ಓರ್ತನ ಔಷಧಗ್ರಂಥದಲ್ಲಿ ಬಿದಿರಿನೊಳಗೆ ಸಿಗುವ ತವಕ್ಷೀರಿಯ ಪ್ರಸ್ತಾಪದೊಡನೆ ‘ಮಂಬು’ ಎಂಬ ರೂಪ ಕಾಣುತ್ತದೆ. ಕೊಂಕಣ ತೀರದಲ್ಲಿ ಆ ಪದ ಅಂದಿಗೆ ಕೇಳಿಬರುತ್ತಿತ್ತೆಂಬುದಕ್ಕೆ ಇದು ಸಾಕ್ಷಿಯೇ ಹೊರತು ಕನ್ನಡದ್ದೆಂಬುದಕ್ಕಲ್ಲ. ನಮ್ಮ ಹಳಗನ್ನಡ, ನಡುಗನ್ನಡ ಕಾವ್ಯಗಳ ಪರಿಚಯವುಳ್ಳವರಿಗೆ ‘ಬಿದಿರ್’ ಎಂಬುದೇ ಮನೆಮಾತು. ಮೂಡಬಿದಿರೆಯ ಹೆಸರಿನಲ್ಲಿಯೂ ಅದೇ ಉಳಿದಿದೆ. ಅದನ್ನು ಸಂಸ್ಕೃತಗೊಳಿಸಿದವರು ವೇಣುಪುರವೆಂದರು. ‘ಬೊಂಬು’ ಎಂಬುದು ಇಂದು ನಮ್ಮ ಆಡುಮಾತಿನಲ್ಲಿ ಧಾರಾಳವಾಗಿ ಇದೆ, ಚಪ್ಪರಕ್ಕೂ ಬೊಂಬು, ಚಟ್ಟಕ್ಕೂ ಬೊಂಬು. ಆದರೆ ಇಂದಿನ ಬಳಕೆಯನ್ನು ಹದಿನಾರನೆಯ ಶತಮಾನದ ಸಾಕ್ಷಿಯಾಗಿ ನಿಲ್ಲಿಸಲು ಬರುವುದಿಲ್ಲ. ಆದುದರಿಂದ ಬ್ಯಾಂಬೂ ಕನ್ನಡದ್ದೆಂದು ಪಠ್ಯಪುಸ್ತಕಗಳಲ್ಲಿ ಬರೆಯುವುದು ಅವಸರದ ಮಾತಾಗುತ್ತದೆ.

ಅರ್ಥದ ಪರೀಕ್ಷೆ ಹೆಚ್ಚು ಫಲ ಕೊಡುವುದು ಜಾಗರಿ ಪದದಲ್ಲಿ. ಇದು ಪೋರ್ಚುಗೀಸ್ ‘ಜಾಗ್ರ’ದ ಮೂಲಕ ಬಂದುದೆಂಬುದರಲ್ಲಿ ವಿವಾದವಿಲ್ಲ. ಅದರ ಹಿಂದಿನ ಮೂಲವನ್ನು ಕೆಲವರು ಕನ್ನಡದ ‘ಶರ್ಕರೆ’ಯಲ್ಲಿಯೂ ಕೆಲವರು ಮಲಯಾಳದ ‘ಚಕ್ಕರ’ದಲ್ಲಿಯೂ ಗುರುತಿಸುತ್ತಾರೆ. ಎರಡೂ ಸಂಸ್ಕೃತದ ‘ಶರ್ಕರಾ’ ಎಂಬುದಕ್ಕೆ ಸಂಬಂಧಿಸಿದವು. ಆ ಸಂಸ್ಕೃತ ಪದಕ್ಕೆ ಹರಳು, ನೊರಜುಕಲ್ಲು ಎಂಬ ಹಳೆಯ ಅರ್ಥವಿದೆ. ಹರಳಿನಂತಿರುವ ಸಿಹಿಗೆ ಅದೇ ಹೆಸರು ಅಂಟಿಕೊಂಡಿತು. ಪರ್ಶಿಯನ್, ಅರಬ್ಬಿಗಳ ದಾರಿಯಲ್ಲಿ ಯುರೋಪಿಗೆ ಹೋಗಿ ‘ಷುಗರ್’ ಆದುದೂ ಇದೇ ಪದ. ಹೀಗೆ ಒಂದೇ ಮೂಲ ಎರಡು ದಾರಿಗಳಲ್ಲಿ ಇಂಗ್ಲಿಷನ್ನು ಸೇರಿತು. ಈಗ ಕೇಳಬೇಕಾದ ಪ್ರಶ್ನೆ ಇದು: ಇಂಗ್ಲಿಷಿನಲ್ಲಿ ಜಾಗರಿ ಎಂದರೆ ಬೆಲ್ಲ, ಸಕ್ಕರೆಯಲ್ಲ. ಕನ್ನಡದಲ್ಲಿ ಬೆಲ್ಲಕ್ಕೆ ‘ಬೆಲ್ಲ’ವೆಂಬ ದೇಶ್ಯಪದವೇ ಇದ್ದು, ತತ್ಸಮ ‘ಶರ್ಕರೆ’ಯಾಗಲಿ ತದ್ಭವ ‘ಸಕ್ಕರೆ’ಯಾಗಲಿ ಆ ಸ್ಥಾನವನ್ನು ಪಡೆಯಲಿಲ್ಲ. ಮಲಯಾಳದಲ್ಲಿ ‘ಚಕ್ಕರ’ ಎಂದರೆ ಬೆಲ್ಲವೇ. ಅರ್ಥದ ಸಾಕ್ಷ್ಯ ಮಲಯಾಳದ ಕಡೆಗಿದೆ ಎಂದು ನಾವು ತಿಳಿಯುತ್ತೇವೆ. ಕನ್ನಡ ಪೀಠದ ಪತ್ರಿಕೆಯಲ್ಲಿ ಈ ಮಾತನ್ನು ಹೇಳುವುದಕ್ಕೆ ಸಂಕೋಚಪಡಬೇಕಾಗಿಲ್ಲ.

ಅರೀಕಾದ ಸ್ಥಿತಿಯೂ ಹೆಚ್ಚು ಭಿನ್ನವಲ್ಲ. ಮಲಯಾಳದ ‘ಅಡಯ್ಕ’ಕ್ಕೆ ನಮ್ಮ ‘ಅಡಕೆ’ ಜ್ಞಾತಿಪದ. ಪೋರ್ಚುಗೀಸರ ಕಿವಿಗೆ ನಡುವಣ ಮೂರ್ಧನ್ಯ ಡಕಾರ ರಕಾರವಾಗಿ ಕೇಳಿಸಿತು. ‘ಗನ್ನಿ’ಗೆ ಮೂಲವಾದ ‘ಗೋಣಿ’ಯಂತೂ ಪಾಣಿನಿಯ ಸೂತ್ರದಲ್ಲಿಯೇ ಚೀಲವೆಂಬ ಅರ್ಥದಲ್ಲಿ ಬರುತ್ತದೆ. ಕನ್ನಡಕ್ಕೂ ಮರಾಠಿಗೂ ಸಮಾನವಾದ ಅದರ ಮೇಲೆ ಒಬ್ಬರೇ ಹಕ್ಕು ಸಾಧಿಸುವಂತಿಲ್ಲ.

ಪಾಲಿಗಾರ್ ಎಂಬ ಪದದ ಕಥೆ ಇವೆಲ್ಲಕ್ಕಿಂತ ತೊಡಕಿನದು. ತಮಿಳಿನ ‘ಪಾಳೈಯಕ್ಕಾರನ್’ ಮೂಲದಲ್ಲಿದ್ದರೂ ಇಂಗ್ಲಿಷ್ ರೂಪ ತೆಲುಗು ಅಥವಾ ಮರಾಠಿಯ ರೂಪದಿಂದ ಬಂದುದೆಂದು ಹಾಬ್ಸನ್-ಜಾಬ್ಸನ್ ಹೇಳುತ್ತದೆ. ಅಂದರೆ ಇಲ್ಲಿಯೂ ಮರಾಠಿಯ ‘ಪಾಳೇಗಾರ’ ನಡುದಾರಿಯಾಗಿರುವ ಸಾಧ್ಯತೆಯಿದೆ. ಕುಮಾರವ್ಯಾಸನಲ್ಲಿ ‘ಪಾಳೆಯ’ವೆಂದರೆ ಸೈನ್ಯ ಬೀಡುಬಿಟ್ಟ ನೆಲೆ, ಅಷ್ಟೆ, ಅದರಲ್ಲಿ ನಿಂದೆಯ ಛಾಯೆಯಿಲ್ಲ. ತಿರುನೆಲ್ವೇಲಿ ಸೀಮೆಯಲ್ಲಿ 1799ರಿಂದ 1805ರವರೆಗೆ ಈ ನಾಯಕರೊಡನೆ ಕಾದಾಡಿದ ಕಂಪನಿಯವರ ಬರಹಗಳಲ್ಲಿ ಪಾಲಿಗಾರನೆಂದರೆ ಅಂಕೆಗೆ ಸಿಗದ ಪುಂಡನಾಯಕ. ಇಂದಿನ ಕನ್ನಡದಲ್ಲಿ ‘ಪಾಳೆಯಗಾರಿಕೆ’ ಎಂಬುದು ಯುರೋಪಿನ ಫ್ಯೂಡಲ್ ವ್ಯವಸ್ಥೆಯನ್ನು ಸೂಚಿಸಲು ‘ಊಳಿಗಮಾನ್ಯ’ದ ಜೊತೆಗೆ ಬಳಕೆಯಲ್ಲಿದೆ, ಹಲವೊಮ್ಮೆ ಬೈಗುಳಾಗಿಯೂ. ಹೊರಗೆ ಹೋದ ಪದ ಅಲ್ಲಿಯ ತಿರಸ್ಕಾರವನ್ನು ಹೊತ್ತು ಮರಳಿತೋ, ನಮ್ಮ ಪಾಳೆಯಗಾರರ ನಡತೆಯಿಂದಲೇ ಆ ಛಾಯೆ ಹುಟ್ಟಿತೋ ಎಂಬುದನ್ನು ಹೇಳಬೇಕಾದರೆ ಚಿತ್ರದುರ್ಗ ಮೊದಲಾದ ಸಂಸ್ಥಾನಗಳ ಕಡತ, ಕೈಫಿಯತ್ತುಗಳಲ್ಲಿನ ಬಳಕೆಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿ ನೋಡಬೇಕು. ಪರಿಷತ್ತಿನ ಎಂಟು ಸಂಪುಟಗಳ ಕನ್ನಡ ನಿಘಂಟು 1995ರಲ್ಲಿ ಪೂರ್ಣಗೊಂಡಿರುವುದರಿಂದ ಕಾವ್ಯ, ಶಾಸನಗಳ ಪ್ರಯೋಗಗಳಂತೂ ಈ ಕೆಲಸಕ್ಕೆ ಕೈಗೆಟುಕುವಂತಿವೆ.